ಮೇ ತಿಂಗಳ ಹಾಲಿನ ಪುಡಿ

೧೯೯೬ರಲ್ಲಿ ನಾನು ಶಿಕಾರಿಪುರದಲ್ಲಿ ಫುಡ್ ಇನ್‌ಸ್ಪೆಕ್ಟರ್ ಆಗಿದ್ದೆ. ಸೊರಬ ತಾಲ್ಲೂಕಿನ ಪ್ರಭಾರವೂ ನನ್ನ ಮೇಲಿತ್ತು. ಅಂಗಡಿಗಳ ಆಹಾರ ಪದಾರ್ಥ ಪರೀಕ್ಷಿಸುವುದು, ಅನುಮಾನ ಬಂದರೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ನನ್ನ ಕೆಲಸ.

ಆಗಸ್ಟ್‌ನ ಒಂದು ಬೆಳಿಗ್ಗೆ ಆನವಟ್ಟಿಯ ಬಸವಣ್ಯಪ್ಪನವರ ಕಿರಾಣಿ ಅಂಗಡಿಗೆ ಹೋದೆ. ಕೂಸುಗಳಿಗೆ ಕುಡಿಸುವ ಹಾಲಿನ ಪುಡಿಯ ಡಬ್ಬಿಗಳನ್ನು ಎಲ್ಲರಿಗೂ ಕಾಣುವಂತೆ ಜೋಡಿಸಿದ್ದರು. ಒಂದನ್ನು ಮಗುಚಿ ನೋಡಿದೆ. ತಳದಲ್ಲಿ ಇಂಗ್ಲಿಷಿನಲ್ಲಿ ‘ಯೂಸ್ ಬಿಫೋರ್’, ಅದರ ಮುಂದೆ ಅದೇ ವರ್ಷದ ಮೇ ತಿಂಗಳು. ತಯಾರಿಕೆಯ ತಿಂಗಳು ಅಳಿಸಿಹೋಗಿತ್ತು.

“ಇದು ಯಾವಾಗಿನ ಮಾಲು?”

“ಹೊಸಾದು ಸರ್. ಮೇನಲ್ಲಿ ತಯಾರಾಗಿದ್ದು, ಅಲ್ಲೇ ಬರ್ದೈತಲ್ರೀ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಮುಗಿದ ತಿಂಗಳನ್ನೇ ಹುಟ್ಟಿದ ತಿಂಗಳೆಂದು ತಿಳಿದಿದ್ದರು. ಆ ತಿಂಗಳಿಗೆ ಮೊದಲೇ ಬಳಸಿ ಮುಗಿಸಬೇಕೆಂಬುದು ಅದರ ಅರ್ಥ ಎಂದು ಬಿಡಿಸಿ ಹೇಳಿದಾಗ ಅವರ ಮುಖ ಇಳಿದುಹೋಯಿತು.

“ಜಡೆ ಊರಿಗೆ ಒಂದು ಡಬ್ಬಿ ಹೋಗೈತಿ ಸರ್. ತಾಯಿ ಇಲ್ಲದ ಕೂಸು. ಅಜ್ಜಿ ಬಂದು ಒಯ್ದಳು.”

ಉಳಿದ ಡಬ್ಬಿಗಳನ್ನು ಸೀಲ್ ಮಾಡಿ ಅವರ ಬೈಕಿನ ಹಿಂದೆ ಕುಳಿತೆ. ಪುಡಿ ಕೆಟ್ಟಿರದೆಯೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮರುಕ್ಷಣವೇ, ಅದೊಂದನ್ನೇ ಕುಡಿದು ಬದುಕಿರುವ ಕೂಸು ಎಂಬುದು ನೆನಪಾಗಿ, ಇನ್ನೂ ಬೇಗ ಓಡಿಸಿ ಎಂದೆ.

ಅಜ್ಜಿ ಗಂಗಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದರು. ಕೂಸಿಗೆ ಹಿಂದಿನ ದಿನದಿಂದ ವಾಂತಿ, ಭೇದಿ. ನಾನು ಡಬ್ಬಿಗೆ ಕೈಚಾಚಿದರೆ ಅವರು ಅದನ್ನು ಸೆರಗಿನೊಳಗೆ ಎಳೆದುಕೊಂಡರು.

“ಇದನ್ನ ತಗಂಡ್ ಹೋದ್ರೆ ಕೂಸಿಗೆ ಏನ್ ಕುಡಿಸ್ಲಿ?”

ಬಸವಣ್ಯಪ್ಪ ತಲೆ ತಗ್ಗಿಸಿ, “ಹೊಸಾದು ನಾನು ಕೊಡಿಸ್ತೀನಿ ಅವ್ವಾ. ಮೊದ್ಲು ಡಾಕ್ಟರ್ ಹತ್ರ ಹೋಗಾಣ,” ಎಂದರು. ಸೊರಬದ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಕೂಸು ಅಳುವುದನ್ನೂ ನಿಲ್ಲಿಸಿತ್ತು. ಅದು ಅಳಲಿ ಎಂದು ನಾನು ಕಾಯುತ್ತಿದ್ದೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಹೀಗಾದದ್ದು ಪುಡಿಯಿಂದಲೋ, ನೀರಿನಿಂದಲೋ, ಬಾಟಲಿಯಿಂದಲೋ ಖಚಿತವಾಗಿ ಹೇಳಲಾಗದು ಎಂದರು ವೈದ್ಯರು. ಮರುದಿನ ಕೂಸು ಕಣ್ಣರಳಿಸಿ ಹಾಲಿಗೆ ಬಾಯಿ ತೆರೆಯಿತು. ಬಸವಣ್ಯಪ್ಪ ತಂದಿದ್ದ ಹೊಸ ಡಬ್ಬಿಯನ್ನು ಗಂಗಮ್ಮ ನನ್ನ ಮುಂದೆ ಹಿಡಿದರು.

“ನಂಗೆ ಕನ್ನಡನೇ ಓದಾಕ್ ಬರಲ್ಲ. ಮುಂದಿನ್ ಸಲ ಯಾರನ್ನ ನಂಬ್ಲಿ ಹೇಳಿ.”

ಬಸವಣ್ಯಪ್ಪನವರ ಮೇಲೆ ಪ್ರಕರಣ ದಾಖಲಿಸಿದೆ. ತಿಳಿಯದೆ ಆಯಿತೆಂಬುದನ್ನು ಅವರು ನ್ಯಾಯಾಲಯದಲ್ಲಿ ಹೇಳಿ ದಂಡ ಕಟ್ಟಿದರು. ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಆದರೆ ಅಜ್ಜಿಯ ಪ್ರಶ್ನೆ ನಿವೃತ್ತಿಯವರೆಗೂ ನನ್ನನ್ನು ಸುಮ್ಮನಿರಗೊಡಲಿಲ್ಲ. ಅಲ್ಲಿಂದಾಚೆ ಯಾವ ಅಂಗಡಿಯವರು “ಡೇಟ್ ಐತಿ ಸರ್” ಎಂದರೂ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ. “ಓದಲು ಬಾರದವರು ಬಂದು ಕೇಳಿದರೆ ಈ ತಾರೀಖಿನ ಅರ್ಥ ಏನು ಹೇಳ್ತೀರಿ? ನನಗೆ ಹೇಳಿ,” ಎನ್ನುತ್ತಿದ್ದೆ. ಅವರು ಸರಿಯಾಗಿ ಹೇಳುವವರೆಗೂ ನಿಂತಿರುತ್ತಿದ್ದೆ.