ಮಗಳು ಕೇಳದ ಕಾರು

ಮಹಾಂತಪ್ಪನವರು ಚೌಕಾಸಿ ಮಾಡಲಿಲ್ಲ!

ಕಳೆದ ಭಾನುವಾರ ಕಾರಿನ ಶೋರೂಮಿನಲ್ಲಿ ನಾನು ಕಣ್ಣಾರೆ ಕಂಡದ್ದು. ಆಗಲೇ ಅಂದುಕೊಂಡೆ, ಇದರಲ್ಲೇನೋ ಮಸಲತ್ತಿದೆ ಅಂತ. (ನನಗೆ ಹಾಲಿನ ಪ್ಯಾಕೆಟ್ಟಿನ ಮೇಲೂ ಅನುಮಾನ ಅನ್ನುತ್ತಾರೆ ನನ್ನ ಗಂಡ. ಅನ್ನಲಿ. ಎರಡು ಸಲ ಒಡೆದ ಹಾಲು ಹಿಡಿದಿದ್ದು ಯಾರು?)

ಮಹಾಂತಪ್ಪನವರು ಇಳಕಲ್ ಕಡೆಯವರು. ಹೈದರಾಬಾದಿನ ಬೇಗಂ ಬಜಾರ್‌ನಲ್ಲಿ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆ. ಏನೇ ಖರೀದಿಗೆ ಹೋಗಲಿ, ಜೊತೆಗೆ 'ಬ್ಯಾಡ' ಅನ್ನುವವರೊಬ್ಬರನ್ನು ಕರೆದೊಯ್ಯುವುದು ಅವರ ಪದ್ಧತಿ. ಅವರು ಕನ್ನಡಕ ತೆಗೆದು ಒರೆಸಿದರೆ ಸಿಗ್ನಲ್ ಬಂತು ಅಂತ ಅರ್ಥ. ಜೊತೆಗಿದ್ದವರು ಮುಖ ಸಿಂಡರಿಸಿ "ಬ್ಯಾಡ್ರಿ, ಇದು ಚಲೋ ಇಲ್ಲ, ನಡೀರಿ" ಎಂದು ಬಾಗಿಲಿನ ಕಡೆ ಹೊರಡಬೇಕು. ಅಂಗಡಿಯವನು ಹಿಂದೆಯೇ ಓಡಿಬರುತ್ತಾನೆ. ಬೆಲೆ ಇಳಿಯುತ್ತದೆ.

ಅವರ ಫ್ರಿಜ್ಜಿಗೆ, ಸೋಫಾಕ್ಕೆ, ದೇವರಮನೆಯ ಮಂಟಪಕ್ಕೆ ನಾನೇ 'ಬ್ಯಾಡ' ಅಂದವಳು. ಆ ಕೆಲಸಕ್ಕೆ ನನ್ನ ಮುಖ ಹೇಳಿ ಮಾಡಿಸಿದಂತಿದೆಯಂತೆ.

ಈ ಸಲ ಖರೀದಿಸಲು ಹೊರಟದ್ದು ಸ್ಪೋರ್ಟ್ಸ್ ಕಾರು. ಮೊನ್ನೆ ಮೊನ್ನೆ ಹದಿನೆಂಟು ತುಂಬಿದ ಮಗಳು ಸಹನಾಗೆ. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ನಮ್ಮ ಗೇಟಿನ ಹಂಪ್ ದಾಟುವುದೇ ಕಷ್ಟ. ಬೇಗಂ ಬಜಾರ್‌ನಲ್ಲಿ ಮೂಟೆ ಹೇರಿದ ಕೈಗಾಡಿ ಎದುರು ಬಂದರೆ ಇದರ ವೇಗ ತಗೊಂಡು ಏನು ಮಾಡುವುದು?

ನನ್ನ ತಲೆಯಲ್ಲಿ ಲೆಕ್ಕಾಚಾರ ಶುರುವಾಯಿತು. ಗಂಡಿನ ಕಡೆಯವರಿಗೆ ತೋರಿಸಲಿಕ್ಕಾ? ಇವರ ತಮ್ಮನ ಹೊಟ್ಟೆ ಉರಿಸಲಿಕ್ಕಾ? ಅಥವಾ ಐವತ್ತು ದಾಟಿದ ಮೇಲೆ ಇವರಿಗೇ ಆಸೆ ಹುಟ್ಟಿ, ಹೆಸರು ಮಾತ್ರ ಮಗಳದ್ದಾ?

ಶೋರೂಮಿನಲ್ಲಿ ಸೇಲ್ಸ್‌ಮನ್ ಬೆಲೆ ಹೇಳಿದ. ನಾನು ಮಹಾಂತಪ್ಪನವರ ಕನ್ನಡಕವನ್ನೇ ನೋಡುತ್ತಿದ್ದೆ. ಅದು ಮೂಗಿನಿಂದ ಅಲುಗಲಿಲ್ಲ. ಮರೆತಿರಬೇಕೆಂದು ನಾನೇ ಮುಖ ಸಿಂಡರಿಸಿ ಎದ್ದೆ. "ಬ್ಯಾಡ್ರಿ, ಇದರ ಸೀಟ್ ಚಲೋ ಇಲ್ಲ, ನಡೀರಿ."

"ಅಕ್ಕಾರ, ಇವತ್ತೊಂದಿನ ಸುಮ್ನ ಕುಂದರ್ರಿ" ಅಂದರು. ದನಿಯಲ್ಲಿ ಸಿಟ್ಟಿತ್ತು.

ಸೌಟಿಗೂ ಚೌಕಾಸಿ ಮಾಡುವ ಮನುಷ್ಯ, ಹೇಳಿದ ಬೆಲೆಗೆ ತಲೆಯಾಡಿಸುತ್ತಾರೆಂದರೆ?

ಸಹನಾ ದೂರದಲ್ಲಿ ಕಾಫಿ ಮೆಷಿನ್ ಹತ್ತಿರ ನಿಂತಿದ್ದಳು. ಕಾರಿಗೆ ಬೆನ್ನು ಮಾಡಿ! ನಾನೂ ಕಾಫಿ ನೆಪದಲ್ಲಿ ಹೋದೆ. "ಯಾಕವಾ, ಬಣ್ಣ ಸೇರಲಿಲ್ಲೇನು?"

"ನಾ ಕಾರ್ ಕೇಳೇ ಇಲ್ಲ ಮೌಶಿ."

ಅವಳು ಕೇಳಿದ್ದು ಪುಣೆ. ಅಲ್ಲಿನ ಕಾಲೇಜೊಂದರಲ್ಲಿ ಜಿಯಾಲಜಿಗೆ ಸೀಟು ಸಿಕ್ಕಿದೆ. ನಮ್ಮ ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಹೊಸ ಟವರ್ ಕಟ್ಟಲು ಬಂಡೆ ಒಡೆಯುತ್ತಾರಲ್ಲ, ಅಲ್ಲಿಂದ ಚೂರು ಹೆಕ್ಕಿ ತಂದು ಬಾಲ್ಕನಿ ತುಂಬಿಸಿದ ಹುಡುಗಿ ಅವಳು. ಒಂದೊಂದಕ್ಕೂ ಚೀಟಿ ಅಂಟಿಸಿದ್ದಾಳೆ. ಬರುವ ಶುಕ್ರವಾರ ಖುದ್ದಾಗಿ ಹೋಗಿ ಅಡ್ಮಿಷನ್ ಮಾಡಿಸಬೇಕು. ತಪ್ಪಿದರೆ ಸೀಟು ಬೇರೆಯವರಿಗೆ.

"ಅಪ್ಪ ಏನಂದರು?"

"ಕಲ್ಲು ನೋಡಾಕ ಪುಣೆಗ್ಯಾಕ, ಹೈದರಾಬಾದಿನ್ಯಾಗ ಕಲ್ಲಿಗೇನು ಬರಗಾಲ ಐತೇನು ಅಂದ್ರು. ಮರುದಿನದಿಂದ ಬರೇ ಕಾರಿನ ಮಾತು. ಇಲ್ಲೇ ಕಾಲೇಜ್ ಸೇರು, ದಿನಾ ಕಾರಿನ್ಯಾಗ ಹೋಗು ಅಂತಾರ." ಕಾಫಿ ಕಪ್ಪಿನ ಸುತ್ತಲೂ ಉಗುರಿನಿಂದ ಕೆರೆಯುತ್ತಿದ್ದಳು. "ಒಲ್ಲೆ ಅಂದಿದ್ರ ಜಗಳ ಮಾಡ್ತಿದ್ದೆ ಮೌಶಿ. ಇಷ್ಟು ಪ್ರೀತಿಲೆ ಕಾರ್ ಕೊಡಿಸಾಕತ್ರ ಹೆಂಗ ಜಗಳ ಮಾಡ್ಲಿ?"

ಪಾಯಿಂಟ್! ನಮ್ಮ ಕಾಲದ ಅಪ್ಪ-ಅಮ್ಮಂದಿರು ಕಣ್ಣು ಕೆಂಪಗೆ ಮಾಡಿ "ಇಲ್ಲ" ಅನ್ನುತ್ತಿದ್ದರು. ನಾವು ಅತ್ತು, ಊಟ ಬಿಟ್ಟು, ಅಜ್ಜಿಯನ್ನು ಮುಂದೆ ಮಾಡಿ ಹೇಗೋ ಗೆಲ್ಲುತ್ತಿದ್ದೆವು. ಈಗಿನ ನಾವು ಜಾಣರು. "ಇಲ್ಲ" ಅನ್ನುವುದೇ ಇಲ್ಲ. ಕೇಳಿದ್ದನ್ನು ಬಿಟ್ಟು ಅದಕ್ಕಿಂತ ದೊಡ್ಡದೇನನ್ನೋ ತಂದು ಮುಂದಿಡುತ್ತೇವೆ. ಮಗು ಥ್ಯಾಂಕ್ಸ್ ಹೇಳಬೇಕೋ, ಅಳಬೇಕೋ?

(ನಾನೇನು ಸಾಚಾ ಅಲ್ಲ. ನಮ್ಮ ಮಗ ಹತ್ತನೇ ಕ್ಲಾಸಿನ ರಜೆಯಲ್ಲಿ ಗೆಳೆಯರ ಜೊತೆ ಹಿಮಾಲಯ ಹತ್ತುತ್ತೇನೆ ಅಂದಾಗ ಗೋಡೆಯಗಲದ ಟಿವಿ ತಂದಿಟ್ಟೆ. ಪಾಪ, ಅದರಲ್ಲೇ ಹಿಮಾಲಯ ನೋಡಿದ. ಆಗ ನನ್ನ ಮೇಲೆ ಅನುಮಾನಪಡುವವರು ಯಾರೂ ಇರಲಿಲ್ಲ.)

ವಾಪಸ್ ಬಂದರೆ ಸಹನಾಳ ತಾಯಿ ಶಕುಂತಲಾ ಆ ಕೆಂಪು ಕಾರಿನೊಳಗೆ ಕೂತಿದ್ದರು. ನನಗೆ ಅವರ ಮೇಲೂ ಸಿಟ್ಟಿತ್ತು. ಪಕ್ಕದ ಸೀಟಿನಲ್ಲಿ ಹೇಗೋ ಬಗ್ಗಿ ತೂರಿಕೊಂಡು ನೇರವಾಗಿ ಕೇಳಿದೆ. "ಆಕಿ ಪುಣೆ ಕೇಳಿದ್ರ ನೀವು ಕಾರ್ ಕೊಡಿಸಾಕತ್ತೀರಲ್ಲ, ಯಾಕ್ರಿ?"

ಅವರಿಗೆ ಬೇಸರವಾಗಲಿಲ್ಲ. ನಕ್ಕರು. "ಹುಡುಗ್ರದು ನಾಕ್ ದಿನದ ಹಟ ರೀ ಅಕ್ಕಾರ. ನನಗೂ ಆ ವಯಸ್ಸಿನ್ಯಾಗ ಧಾರವಾಡದಾಗ ಟೀಚರ್ ಟ್ರೇನಿಂಗಿಗೆ ಸೀಟ್ ಸಿಕ್ಕಿತ್ತು. ನಮ್ಮಪ್ಪ ಹೋಗಬ್ಯಾಡ ಅಂತ ಒಂದ ಮಾತು ಅನ್ನಲಿಲ್ಲ. ಇವನ್ನ ಮಾಡಿಸಿ ಕೊಟ್ಟ." ಕೈ ಮುಂದೆ ಮಾಡಿ ಚಿನ್ನದ ಪಾಟ್ಲಿ ಬಳೆ ತೋರಿಸಿದರು. "ಭಾಳ ಖುಷಿ ಆಗಿತ್ತು ನನಗ."

"ಎಷ್ಟು ದಿನ?"

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಶಕುಂತಲಾ ಪಾಟ್ಲಿಯನ್ನು ಮಣಿಕಟ್ಟಿನಲ್ಲಿ ಹಿಂದೆ ಮುಂದೆ ಸರಿಸುತ್ತ ಗಾಜಿನಾಚೆ ನಿಂತಿದ್ದ ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲು ತೆಗೆದು ಇಳಿದರು.

ಅತ್ತ ಸೇಲ್ಸ್‌ಮನ್ ಫಾರಂ ತುಂಬುತ್ತಿದ್ದ. "ಫ್ರೈಡೇ ಡೆಲಿವರಿ ಪಕ್ಕಾ ಸರ್" ಅಂದ.

"ಶುಕ್ರವಾರ ದಿನಾನೂ ಚಲೋ ಐತಿ. ನಮ್ಮ ಮಗಳ ಕೈಯಾಗ ಕೀ ಕೊಡಬೇಕು ನೋಡಪಾ" ಅಂದರು ಮಹಾಂತಪ್ಪ.

ಶುಕ್ರವಾರ! ನಾನು ಸಹನಾಳ ಮುಖ ನೋಡಿದೆ. ಅವಳು ನೆಲ ನೋಡಿದಳು.

"ಶುಕ್ರವಾರ ಆಕಿ ಇರಂಗಿಲ್ಲ" ಎಂದರು ಶಕುಂತಲಾ.

"ಎಲ್ಲಿಗೆ ಹೋಗ್ತಾಳ?"

"ಪುಣೆಗೆ. ನಾ ಕರಕೊಂಡು ಹೋಗ್ತೀನಿ. ಕಾರು ಬೇಕಂದ್ರ ನೀವ ಹೊಡೀರಿ."

ಮಹಾಂತಪ್ಪ ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. (ಇದೆಲ್ಲ ನನ್ನದೇ ಕಿತಾಪತಿ ಅಂತ ಅವರಿಗೂ ಅನುಮಾನ ಬಂದಿರಬೇಕು.) ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, "ಅಂಗಡಿ ಮುಚ್ಚಿ ಬಂದ್ರ ಬಾಗಿಲಾ ತೆಗಿಯಾಕಿ ಆಕಿನ ಅಲ್ಲೇನ? ಆಕಿ ಹೋದ್ರ ಮನಿ ಬಣ ಬಣ ಅಂತೈತಿ" ಅಂದರು. ಆ ಕ್ಷಣ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಇದನ್ನ ಮನ್ಯಾಗ ಹೇಳಬೇಕಿತ್ತಲ್ಲಪಾ" ಅಂದಳು ಸಹನಾ, ಅಳುತ್ತ.

ಫಾರಂ ಅರ್ಧಕ್ಕೇ ನಿಂತಿತು. ಸೇಲ್ಸ್‌ಮನ್ ನಮಗೆಲ್ಲ ಎರಡನೇ ಸಲ ಕಾಫಿ ಕೊಟ್ಟ, ಒಳ್ಳೆಯ ಹುಡುಗ.

ಸೋಮವಾರ ತಾಯಿ-ಮಗಳಿಗೆ ಪುಣೆ ಬಸ್ಸಿನಲ್ಲಿ ನಾನೇ ಸೀಟು ಬುಕ್ ಮಾಡಿಕೊಟ್ಟೆ. ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮಂಗಳವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಮಹಾಂತಪ್ಪ. ಮುಖದ ತುಂಬ ನಗು. ಆ ನಗು ನೋಡಿಯೇ ನನಗೆ ಅನುಮಾನ ಶುರುವಾಯಿತು.

"ಅಕ್ಕಾರ, ನಂದೂ ಒಂದು ಸೀಟ್ ಮಾಡ್ರಿ. ಕಾಲೇಜ್ ಹೆಂಗೈತಿ ನೋಡಿ ಬರ್ತೀನಿ. ಹಂಗ ವಾಪಸ್ ಬರೋದೂ ಮಾಡಿಬಿಡ್ರಿ."

"ವಾಪಸ್ ಬರೋದು ಎಷ್ಟು ಸೀಟ್ರಿ?"

"ಮೂರು."

"ಮೂರು?"

"ಇರ್ಲಿ ತಗೋರಿ. ಊರು ನೋಡಿದ ಮ್ಯಾಲೆ ಆಕಿ ಮನಸ್ಸು ಬದಲಾದ್ರ?"

ಹ್ಞೂಂ ಅಂದೆ. ಫೋನ್ ತೆಗೆದೆ. ಅವರ ಎದುರಿಗೇ ಬುಕ್ ಮಾಡಿದೆ.

ಎರಡೇ ಮಾಡಿದ್ದೇನೆ.