ಕೇಳದೆ ಉಳಿದ ಹೆಸರು

“ಮುಂದಿನ ವಾರ ಬನ್ನಿ. ಮೊದಲು ಅವರ ಹೆಸರೇ ಕೇಳ್ತೀನಿ” ಎಂದು ಬಹಳ ಹಿಂದೆ ಒಬ್ಬ ದರ್ಜಿಗೆ ಮಾತು ಕೊಟ್ಟವರು, ಇಂದು ನಮ್ಮ ಕೇಂದ್ರದಿಂದ ನಿವೃತ್ತರಾಗುತ್ತಿರುವ, ಕಿರಿಯರೆಲ್ಲರ ಪಾಲಿಗೆ ‘ಅಕ್ಕ’ನಾಗಿರುವ ಹಿರಿಯ ಮನೋಚಿಕಿತ್ಸಕಿ. ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡನ್ನು ಪ್ರೀತಿಸುವ ಗಂಡು ಅಳುಕಿಲ್ಲದೆ ಬಂದು ಕೂರಬಹುದಾದ ಕೋಣೆ ಅವರದೆಂಬುದು ಈ ಕ್ಷೇತ್ರದಲ್ಲಿ ಮನೆಮಾತು. ಅವರ ಅಭಿನಂದನಾ ಗ್ರಂಥದ ಸಂಪಾದಕ ಮಂಡಳಿಯವರು ಅದನ್ನೇ ಬರೆಯಹೊರಟಾಗ ಅಕ್ಕ ತಲೆ ತಗ್ಗಿಸಿದರು.

“ಹೊಗಳೋದಾದ್ರೆ ದರ್ಜಿ ವಿಷಯಾನೂ ಬರೀರಿ. ಇಲ್ಲಾಂದ್ರೆ ಪುಸ್ತಕಾನೇ ಬೇಡ.”

ಅಕ್ಕ ಕೆಲಸಕ್ಕೆ ಸೇರಿದ ಹೊಸತು. ಜೊತೆಗೆ ಬಾಳಿದ ಗೆಳೆಯ ತೀರಿಕೊಂಡು, ಆ ಸಂಕಟವನ್ನು ನೆಂಟರಿಷ್ಟರ ಮುಂದೆ ಬಾಯಿಬಿಟ್ಟು ಹೇಳಲಾಗದೆ ದರ್ಜಿ ಬಂದಿದ್ದರು. ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ ಅಕ್ಕ, ಗಂಡಿನ ಮೇಲೆ ಮನಸ್ಸು ಹೋದದ್ದೇಕೆಂದು ಅವರ ಬಾಲ್ಯವನ್ನು ಕೆದಕುತ್ತ ಕುಳಿತರು. ಅಪ್ಪ ಹೊಡೆಯುತ್ತಿದ್ದರೇ? ಅಮ್ಮನ ಮುದ್ದು ಹೆಚ್ಚಾಯಿತೇ? ಕೆಲವು ಭೇಟಿಗಳನ್ನು ಸಹಿಸಿದ ದರ್ಜಿ ಒಂದು ದಿನ ಎದ್ದು ನಿಂತರು.

“ಮೇಡಂ, ನಾನು ಸತ್ತೋನಿಗೋಸ್ಕರ ಅಳೋಕೆ ಬಂದೆ. ನೀವು ಬದುಕಿರೋ ನಮ್ಮಪ್ಪನ್ನ ಹಿಡ್ಕೊಂಡು ಕೂತಿದೀರಿ. ಅವನ ಹೆಸರೇನು ಅಂತಾದ್ರೂ ಕೇಳಿದ್ರಾ?”

ಅಕ್ಕನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಆಗಲೇ ಕೇಳಬಹುದಿತ್ತು. ಆದರೆ ಹೊರಗೆ ಮುಂದಿನವರು ಕಾಯುತ್ತಿದ್ದರು. ಅಕ್ಕ ಗಡಿಯಾರ ನೋಡಿ, ಮುಂದಿನ ವಾರದ ಮಾತು ಕೊಟ್ಟರು. “ನೋಡೋಣ” ಎಂದು ದರ್ಜಿ ಹೊರಟರು.

ಅಕ್ಕನ ಹೆಸರಾಂತ ಪದ್ಧತಿ ಹುಟ್ಟಿದ್ದು ಈ ನಾಚಿಕೆಯಿಂದಲೇ. ಕೊನೆಯ ಭೇಟಿಯಲ್ಲಿ ಬಂದವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಅವರ ಕುರ್ಚಿಯಲ್ಲಿ ಕುಳಿತು, “ಎಲ್ಲಿ ನೋಯಿಸಿದೆ ಹೇಳಿ, ಬೈದ್ರೂ ಪರವಾಗಿಲ್ಲ” ಎನ್ನುವರು. “ನಿಮ್ ಕುರ್ಚಿ ಎಷ್ಟು ಮೆತ್ತಗಿದೆ ಡಾಕ್ಟ್ರೇ! ಮೊದಲನೇ ತಪ್ಪು ಇದೇ” ಎಂದು ಒಬ್ಬ ಶಿಕ್ಷಕಿ ನಕ್ಕರು, ಮರುವಾರವೇ ಎರಡೂ ಕುರ್ಚಿಗಳು ಒಂದೇ ಬಗೆಯವಾದವು. ಹೊರಗಿನ ಬೆಂಚಿನಲ್ಲಿ ‘ಗೆಳತಿ’ ಎಂದು ಹೇಳಿಕೊಂಡು ಮುದುಡಿ ಕೂರುತ್ತಿದ್ದ ಆ ಶಿಕ್ಷಕಿಯ ಜೊತೆಗಾತಿಯನ್ನು “ನಿಮ್ಮ ಮನೆಯವರನ್ನೂ ಕರೀರಿ” ಎಂದು ಒಳಗೆ ಕರೆಸಿದವರೂ ಅಕ್ಕನೇ. ಆ ಹೆಂಗಸು ಬಾಗಿಲಲ್ಲೇ ಅತ್ತುಬಿಟ್ಟರು. ಅಕ್ಕ ಮಾತ್ರ ಹಿಗ್ಗಲಿಲ್ಲ. “ತೀರಿಕೊಂಡೋರನ್ನ ‘ನಿಮ್ಮ ಮನೆಯವರು’ ಅಂತ ಅವತ್ತು ಅವರ ಹತ್ರಾನೂ ಅಂದಿದ್ದಿದ್ರೆ” ಎಂದರು, ದರ್ಜಿಯನ್ನು ನೆನೆದು.

ಅಕ್ಕನ ಆರೋಗ್ಯ ಗಟ್ಟಿಯಾಗಿರಲಿ. ಎದುರಿಗೆ ಕುಳಿತವರ ಮಾತು ಮುಗಿಯುವ ಮೊದಲೇ ಗಡಿಯಾರ ನೋಡುವ ಕಿರಿಯರನ್ನು ಗದರಿಸುವ ಆ ದನಿ ನಿವೃತ್ತಿಯ ನಂತರವೂ ಬಹುಕಾಲ ಈ ಕೋಣೆಗಳಲ್ಲಿ ಕೇಳಿಬರುತ್ತಿರಲಿ.

ದರ್ಜಿ ಮತ್ತೆ ಬರಲಿಲ್ಲ. ಅವರ ಗೆಳೆಯನ ಹೆಸರನ್ನು ಅಕ್ಕ ಕೇಳಲಿಲ್ಲ.