ಮೊಹರಮ್ಮಿನ ದಾರ, ನನ್ನ ಸುಳ್ಳು

ಸಂಗೀತಾ, ಅಂದು ಸುಳ್ಳು ಹೇಳಿದವಳು ನೀನಲ್ಲ, ನಾನು. ಅದು ನಿನಗೆ ಗೊತ್ತೇ ಇದೆ. ನನಗೂ ನೆನಪಿದೆ ಎಂಬುದು ಮಾತ್ರ ನಿನಗೆ ಗೊತ್ತಿರಲಿಕ್ಕಿಲ್ಲ — ಇಷ್ಟು ವರ್ಷ ಮರೆತವಳ ಹಾಗೆ ನಟಿಸಿದ್ದೇನಲ್ಲ.

ನೀನಾಗ ಮೂರನೇ ತರಗತಿ. ನಾನು ಬಸವಕಲ್ಯಾಣದಿಂದ ಹುಮನಾಬಾದಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಿಮ್ಮೂರು ದುಬಲಗುಂಡಿಗೆ ಬರುತ್ತಿದ್ದ ಹೊಸ ಟೀಚರು. ಆ ದಿನ ಹಬ್ಬಗಳ ಪಾಠ. ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಕಡೆ ಹಿಂದೂಗಳ ಹಬ್ಬ, ಇನ್ನೊಂದು ಕಡೆ ಮುಸ್ಲಿಮರ ಹಬ್ಬ ಎಂದು ಬರೆದೆ. ಎಷ್ಟು ಅಚ್ಚುಕಟ್ಟು ಎಂದು ನನಗೇ ಹೆಮ್ಮೆ! ನಿಮ್ಮ ಮನೆಯ ದೊಡ್ಡ ಹಬ್ಬ ಯಾವುದು ಎಂದು ಕೇಳಿದಾಗ ನೀನು ಎದ್ದು ನಿಂತು "ಮೊಹರಂ ರೀ" ಎಂದೆ. ಮೊಹರಮ್ಮಿನ ಪೀರದೇವರಿಗೆ ಹರಕೆ ಹೊತ್ತು ಪಡೆದ ಮಗಳು ನೀನು. ಪ್ರತಿ ಮೊಹರಮ್ಮಿಗೆ ನಿನ್ನ ಅವ್ವ ನಿನ್ನನ್ನು ಆ ದೇವರ ಫಕೀರಳನ್ನಾಗಿ ಮಾಡಿ ಕೊರಳಿಗೆ ಬಣ್ಣದ ದಾರ ಕಟ್ಟಿಸುತ್ತಿದ್ದಳು. ಅದನ್ನೆಲ್ಲ ಕೇಳುವ ತಾಳ್ಮೆ ನನಗಿರಲಿಲ್ಲ.

"ಅದು ನಿಮ್ಮ ಹಬ್ಬ ಅಲ್ಲ, ಅವರದು. ಕೂಡು," ಎಂದೆ.

ನೀನು ಕುಳಿತೆ. ಆ ವರ್ಷ ಮೊಹರಂ ಬಂದಾಗ ದಾರ ಒಲ್ಲೆನೆಂದು ಮನೆಯಲ್ಲಿ ಹಟ ಹಿಡಿದೆ. ಮರುದಿನ ನಿನ್ನ ಅವ್ವ ನಿನ್ನ ರಟ್ಟೆ ಹಿಡಿದುಕೊಂಡು ಶಾಲೆಗೆ ಬಂದಳು.

"ಪೀರದೇವರ ಮುಂದ ಬೇಡ್ಕೊಂಡು ಹಡದೀನ್ರಿ ಇಕಿನ್ನ. ಇದು ನಮ್ಮ ಹಬ್ಬ ಅಲ್ಲ ಅಂತ ನೀವೇ ಹೇಳೀರಂತ. ಖರೇ ಏನ್ರಿ ಟೀಚರ್?"

ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ಹೌದು ಎಂದಿದ್ದರೆ ಏನಾಗುತ್ತಿತ್ತು — ಒಂದು ಮಾತು ಅನ್ನಿಸಿಕೊಳ್ಳುತ್ತಿದ್ದೆ, ಅಷ್ಟೇ.

"ಇಲ್ಲರಿ ಅಕ್ಕಾ, ನಾ ಯಾಕ ಹಂಗ ಅನ್ಲಿ? ಹುಡುಗಿ ಸುಳ್ಳ ಹೇಳಾಕತ್ತಾಳ," ಎಂದುಬಿಟ್ಟೆ.

ನೀನು ಅಳಲಿಲ್ಲ. ನನ್ನ ಮುಖವನ್ನೇ ನೋಡಿದೆ. "ದೇವರ ವಿಷಯದಾಗ ಸುಳ್ಳ ಹೇಳ್ತಿ?" ಎಂದು ಅವ್ವ ಅಲ್ಲೇ ನಿನ್ನ ಬೆನ್ನಿಗೆ ಬಾರಿಸಿದಳು. ನಾನು ನೋಡುತ್ತ ನಿಂತೆ. ಅಯ್ಯೋ — ಕೈ ಅಡ್ಡ ಹಿಡಿಯುವಷ್ಟಾದರೂ...

ಈಗ ನಾನು ನಿವೃತ್ತಳಾಗಿ ಬಸವಕಲ್ಯಾಣದಲ್ಲಿ ಸುಖವಾಗಿದ್ದೇನೆ. ನೀನು ಹುಮನಾಬಾದಿನಲ್ಲಿ ಟೀಚರು. ರಜೆ ಬಂದರೆ ನನ್ನ ಮನೆಗೆ ಬರುತ್ತೀಯ. ಹೋದ ಸಲ ಚಹಾ ಕುಡಿಯುತ್ತ ನಿನ್ನ ತರಗತಿಯ ಸುದ್ದಿ ಹೇಳಿದೆ. ಧರ್ಮದ ಪಾಠ ಬಂದರೆ ನೀನು ಮೊದಲು ಮಕ್ಕಳ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಕೇಳುತ್ತೀಯಂತೆ. ಒಬ್ಬ ಹುಡುಗಿ "ನಮ್ಮಪ್ಪ ದೇವರನ್ನ ನಂಬಂಗಿಲ್ರಿ" ಎಂದಾಗ, "ಹೌದಾ? ಅವರು ಏನಂತಾರ, ಹೇಳು" ಎಂದು ಅವಳ ಮಾತನ್ನು ಪೂರ್ತಿ ಕೇಳಿದೆಯಂತೆ. ನನಗೆಷ್ಟು ಖುಷಿಯಾಯಿತು ಗೊತ್ತೇ? ಹೆತ್ತ ಮಗಳ ಮೇಲೂ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ.

ಆದರೆ ನಿನ್ನ ಅವ್ವ ಈಗಲೂ ಬಂದವರ ಮುಂದೆಲ್ಲ, ನಾನಿದ್ದಾಗಲೂ, ನಗುತ್ತ ಹೇಳುತ್ತಾಳೆ: "ಸಣ್ಣಾಕಿದ್ದಾಗ ಇಕಿ ಟೀಚರ್ ಮ್ಯಾಲೇ ಸುಳ್ಳ ಹೇಳಿದ್ಲು ನೋಡ್ರಿ!" ಎಲ್ಲರೂ ನಗುತ್ತಾರೆ. ನೀನೂ ನಕ್ಕು, ಬೇಗನೆ ಮಾತು ಬದಲಿಸುತ್ತೀಯ. ನನ್ನ ಮಾನ ಉಳಿಸಲಿಕ್ಕೇ ಬದಲಿಸುತ್ತೀಯ ಎಂದು ನನಗೆ ಗೊತ್ತು. ಆ ಉಪಕಾರವನ್ನು ನಾಚಿಕೆಯಿಲ್ಲದೆ ತೆಗೆದುಕೊಳ್ಳುತ್ತ ಬಂದೆ.

ಬರುವ ರವಿವಾರ ದುಬಲಗುಂಡಿಗೆ ಬರುತ್ತೇನೆ. ನಿನ್ನ ಅವ್ವನ ಎದುರು ಕುಳಿತು ಎಲ್ಲವನ್ನೂ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ನೀನು ಮಾತ್ರ ನಡುವೆ ಬಂದು "ಇರ್ಲಿ ಬಿಡ್ರಿ ಟೀಚರ್" ಅನ್ನಬೇಡ.